ವಿಚಿತ್ರವಲ್ಲದ ‘ಸ್ಟ್ರೇಂಜ್’

ಅಮೆರಿಕದ ‘ಗೆಲಾಕ್ಸಿ 500’ ಎಂಬ ರಾಕ್ ತಂಡ ಬಾಳಿದ್ದು ನಾಲ್ಕೇ ವರ್ಷ. 1987ರಲ್ಲಿ ಹುಟ್ಟಿ 1991ರಲ್ಲಿ ಒಡೆದುಹೋದ ಈ ತಂಡ ಹೊರತಂದ ಆಲ್ಬಂಗಳು ಮೂರು. ಅವುಗಳಲ್ಲಿ ನಡುವಿನದು, 1989ರ ‘ಆನ್ ಫೈರ್’. ಡ್ರೀಮ್ ಪಾಪ್ ಎಂದು ಕರೆಯಲಾಗುವ, ಎಚ್ಚರಕ್ಕೂ ನಿದ್ದೆಗೂ ನಡುವೆ ತೂಗಾಡುವಂತಹ ಸಂಗೀತದಲ್ಲಿ ಆಸಕ್ತಿ ಇರುವವರು ಇಂದಿಗೂ ಇದನ್ನು ಅಕ್ಕರೆಯಿಂದ ನೆನೆಯುತ್ತಾರೆ. ಅದರ ಹೆಸರಿನಲ್ಲಿ ಬೆಂಕಿ ಇದೆ. ಒಳಗಿರುವುದು ಮಾತ್ರ ಬೂದಿ ಮುಚ್ಚಿದ ಕೆಂಡದ ಮಂದ ಕಾವು.

ಡೀನ್ ವೇರ್‌ಹ್ಯಾಮ್, ಡೇಮನ್ ಕ್ರುಕಾವ್‌ಸ್ಕಿ, ನವೋಮಿ ಯಾಂಗ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಗೆಳೆಯರು. ತಂಡಕ್ಕೆ ಹೆಸರು ಬಂದದ್ದು ಫೋರ್ಡ್ ಕಂಪನಿಯ ಒಂದು ಕಾರಿನಿಂದ. ಆರಂಭದಲ್ಲಿ ಕ್ರುಕಾವ್‌ಸ್ಕಿ ಬಾರಿಸಿದ ಡ್ರಮ್ ಕೂಡ ಸಹಪಾಠಿಯೊಬ್ಬನಿಂದ ಎರವಲು ತಂದದ್ದು. ಆ ಸಹಪಾಠಿ ಮುಂದೆ ದೂರದರ್ಶನದ ಹಾಸ್ಯ ನಿರೂಪಕನಾಗಿ ಹೆಸರು ಮಾಡಿದ ಕೋನನ್ ಓಬ್ರಿಯನ್. ಯಾಂಗ್ ಅವರಂತೂ ತಂಡಕ್ಕೆ ಸೇರುವವರೆಗೆ ಬಾಸ್ ಗಿಟಾರ್ ನುಡಿಸಿದವರೇ ಅಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಬಾಸ್ ಎಂದರೆ ತಳದಲ್ಲಿ ಕುಳಿತು ಲಯಕ್ಕೆ ಆಸರೆ ಕೊಡಬೇಕಾದ ವಾದ್ಯ ಎಂಬ ರೂಢಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೇಲಿನ ಸ್ವರಗಳಲ್ಲಿ ಅವರ ಬಾಸ್ ತಾನೇ ಒಂದು ರಾಗವನ್ನು ಹಾಡುತ್ತ ಹೋಗುತ್ತದೆ. ಅದರ ಮೇಲೆ ವೇರ್‌ಹ್ಯಾಮ್ ಅವರ ಎತ್ತರದ, ಇನ್ನೇನು ಒಡೆದೇಹೋಗುತ್ತದೆ ಎನಿಸುವ ಕಂಠ. ಹಿಂದೆ, ತಾಳಕ್ಕಿಂತ ಹೆಚ್ಚಾಗಿ ಝಲ್ಲೆನ್ನುವ ನಾದವನ್ನೇ ಹರಡುವ ಡ್ರಮ್. ನ್ಯೂಯಾರ್ಕಿನ ಚಿಕ್ಕ ಸ್ಟುಡಿಯೊವೊಂದರಲ್ಲಿ ನಿರ್ಮಾಪಕ ಮಾರ್ಕ್ ಕ್ರೇಮರ್ ಇವೆಲ್ಲವನ್ನೂ ದೊಡ್ಡ ಗುಹೆಯೊಳಗೆ ನುಡಿಸಿದಂತೆ ಮಾರ್ದನಿಯಲ್ಲಿ ಅದ್ದಿ ತೆಗೆದರು. ಹತ್ತು ಹಾಡುಗಳ ಆಲ್ಬಂ ಕೊನೆಗೊಳ್ಳುವುದು ಜಾರ್ಜ್ ಹ್ಯಾರಿಸನ್ ಅವರ 1970ರ ಹಾಡೊಂದರಿಂದ. ಇಲ್ಲಿ ಯಾವುದಕ್ಕೂ ಅವಸರವಿಲ್ಲ.

ಈ ಆಲ್ಬಂ ಹೊರತಂದ ರಫ್ ಟ್ರೇಡ್ ಸಂಸ್ಥೆ 1991ರಲ್ಲಿ ದಿವಾಳಿಯಾಯಿತು. ತಂಡಕ್ಕೆ ಬರಬೇಕಿದ್ದ ರಾಯಧನ ಮುಳುಗಿತು. ಮೂಲ ಧ್ವನಿಸುರುಳಿಗಳು ಹರಾಜಿಗೆ ಬಂದವು. ತಮ್ಮದೇ ಹಾಡುಗಳನ್ನು ತಾವೇ ಹಣ ತೆತ್ತು ಬಿಡಿಸಿಕೊಳ್ಳಬೇಕಾದ ಸ್ಥಿತಿ. ಬಿಡಿಸಿಕೊಂಡರು. ಹೀಗೆ ಹಾಡುಗಳ ಒಡೆತನ ತಮ್ಮಲ್ಲೇ ಉಳಿದದ್ದರಿಂದ ಅಂತರ್ಜಾಲದ ಕಾಲದಲ್ಲಿ ಅವುಗಳ ಗಳಿಕೆ ಏನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಾಗುವಂತಾಯಿತು.

2012ರಲ್ಲಿ ಕ್ರುಕಾವ್‌ಸ್ಕಿ ಆ ಲೆಕ್ಕವನ್ನು ಬಹಿರಂಗಪಡಿಸಿದರು. ತಂಡದ ಮೊದಲ ಹಾಡುಗಳಲ್ಲಿ ಒಂದಾದ ‘ಟಗ್‌ಬೋಟ್’ ಮೂರು ತಿಂಗಳಲ್ಲಿ ಪಾಂಡೊರಾ ಎಂಬ ಅಂತರ್ಜಾಲ ರೇಡಿಯೊದಲ್ಲಿ 7,800 ಬಾರಿ ಪ್ರಸಾರವಾಗಿತ್ತು. ಹಾಡು ಕಟ್ಟಿದ್ದಕ್ಕಾಗಿ ಮೂವರಿಗೂ ಸೇರಿ ದಕ್ಕಿದ್ದು 21 ಸೆಂಟ್, ತಲಾ ಏಳು ಸೆಂಟ್. ಸ್ಪಾಟಿಫೈ ಸ್ವಲ್ಪ ಉದಾರಿ: 5,960 ಬಾರಿಗೆ ಒಂದು ಡಾಲರ್ ಐದು ಸೆಂಟ್. ಅವರ ಇನ್ನೊಂದು ಹೋಲಿಕೆ ಇದಕ್ಕಿಂತ ಚುಚ್ಚುವಂಥದು. 1988ರಲ್ಲಿ ಒಂದು ಸಾವಿರ ಗ್ರಾಮಫೋನ್ ತಟ್ಟೆ ಅಚ್ಚು ಹಾಕಿಸಿದರೆ ಎಷ್ಟು ಗಳಿಸಬಹುದಿತ್ತೋ ಅಷ್ಟನ್ನು 2012ರಲ್ಲಿ ಗಳಿಸಲು ಹಾಡು 1.3 ಕೋಟಿಗೂ ಹೆಚ್ಚು ಬಾರಿ ಕೇಳಿಸಬೇಕಿತ್ತು.

ಹಣದ ಮಾತು ಹೇಗಾದರೂ ಇರಲಿ, ಕಲಾವಿದರು ಬಡತನಕ್ಕೆ ಹೊಸಬರಲ್ಲ ಎಂದು ಯಾರಾದರೂ ಹೇಳಿಯಾರು. ಆದರೆ 2018ರಲ್ಲಿ ಕ್ರುಕಾವ್‌ಸ್ಕಿ ಬರೆದ ಇನ್ನೊಂದು ಸಂಗತಿ ಹಣಕ್ಕಿಂತ ಆಳದ್ದು. ಸ್ಪಾಟಿಫೈನಲ್ಲಿ ತಂಡದ ಹಾಡುಗಳ ಪೈಕಿ ‘ಆನ್ ಫೈರ್’ನ ‘ಸ್ಟ್ರೇಂಜ್’ ಉಳಿದೆಲ್ಲವನ್ನೂ ಹಿಂದಿಕ್ಕಿ ಮುನ್ನುಗ್ಗಿತ್ತು. ಏಕೆಂದು ತಿಳಿಯದು. ಅದು ಬಿಡಿಯಾಗಿ ಬಿಡುಗಡೆಯಾದ ಹಾಡಲ್ಲ. ವಿಚಾರಿಸಿದಾಗ ಏರಿಕೆ ಆರಂಭವಾದದ್ದು 2017ರ ಜನವರಿಯಲ್ಲಿ ಎಂದು ತಿಳಿಯಿತು. ಕೇಳುಗ ಆರಿಸಿದ ಹಾಡು ಮುಗಿದೊಡನೆ ಅದನ್ನು ಹೋಲುವ ಮತ್ತೊಂದನ್ನು ಯಂತ್ರವೇ ಹುಡುಕಿ ಹಾಕುವ ‘ಆಟೊಪ್ಲೇ’ ವ್ಯವಸ್ಥೆ ಜಾರಿಗೆ ಬಂದದ್ದೂ ಆಗಲೇ. ‘ಸ್ಟ್ರೇಂಜ್’ ತಂಡದ ಇತರ ಹಾಡುಗಳಿಗಿಂತ ಚುರುಕು, ಲಯದಲ್ಲಿ ಹೆಚ್ಚು ನೇರ. ಬೇರೆ ತಂಡಗಳ ಹಾಡುಗಳಿಗೆ ಹತ್ತಿರ. ಕ್ರುಕಾವ್‌ಸ್ಕಿ ಅವರ ತೀರ್ಮಾನದಂತೆ, ಯಂತ್ರ ಮೆಚ್ಚಿದ್ದು ಅದನ್ನೇ. ವಿಚಿತ್ರ ಎಂಬ ಹೆಸರಿನ ಹಾಡು ಗೆದ್ದದ್ದು ಎಲ್ಲಕ್ಕಿಂತ ಕಡಿಮೆ ವಿಚಿತ್ರವಾಗಿದ್ದ ಕಾರಣಕ್ಕೆ!

ಅದರಿಂದ ನಷ್ಟವೇನು, ತಂಡದ ಹೆಸರೇ ಕೇಳದವರ ಕಿವಿಗೂ ಒಂದು ಹಾಡು ಬಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ರೇಡಿಯೊ ಕಾಲದಲ್ಲೂ ಹಾಡು ಆರಿಸುತ್ತಿದ್ದವರು ನಾವಲ್ಲ. ಆದರೆ ರೇಡಿಯೊ ನಿರೂಪಕನಿಗೆ ಒಂದು ಅಭಿರುಚಿ ಇರುತ್ತಿತ್ತು. ಕೆಲವೊಮ್ಮೆ ಹಟವೂ ಇರುತ್ತಿತ್ತು. ಯಾರೂ ಕೇಳದ್ದನ್ನು, ಯಾವುದಕ್ಕೂ ಹೋಲದ್ದನ್ನು ಹಾಕಿ ಬೈಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿತ್ತು. ಹೋಲಿಕೆಯನ್ನೇ ಅಳತೆಗೋಲಾಗಿಸಿಕೊಂಡ ಯಂತ್ರಕ್ಕೆ ‘ಆನ್ ಫೈರ್’ನ ಮೊದಲ ಹಾಡಿನ ನಿಧಾನವಾಗಲಿ, ‘ಡೀಕಂಪೋಸಿಂಗ್ ಟ್ರೀಸ್’ನಲ್ಲಿ ಇದ್ದಕ್ಕಿದ್ದಂತೆ ನುಗ್ಗಿಬರುವ ರಾಲ್ಫ್ ಕಾರ್ನಿ ಅವರ ಸ್ಯಾಕ್ಸೊಫೋನ್ ಆಗಲಿ ಗುಣವಾಗಿ ಕಾಣುವ ಸಂಭವ ಕಡಿಮೆ. ಹೊಸದಾಗಿ ಹಾಡು ಕಟ್ಟುವ ತರುಣರು ಈ ಅಳತೆಗೋಲನ್ನು ಅರಿತೇ ಹಾಡು ಕಟ್ಟತೊಡಗಿದರೆ ಆಶ್ಚರ್ಯಪಡಬೇಕಿಲ್ಲ. ಸಾಲದೆಂಬಂತೆ, ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯೂ ಕೇಳಿಸದ ಧ್ವನಿಮುದ್ರಣಗಳಿಗೆ ರಾಯಧನವೇ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಲ್ಲಿ ಜಾರಿಗೆ ತಂದಿತು.

ಕ್ರುಕಾವ್‌ಸ್ಕಿ ಸುಮ್ಮನೆ ಕೂರಲಿಲ್ಲ. 2020ರಲ್ಲಿ ರೂಪುಗೊಂಡ ಸಂಗೀತಗಾರರ ಸಂಘಟನೆಯೊಂದರಲ್ಲಿ ದುಡಿದರು. ಪ್ರಸಾರದ ಆದಾಯದಲ್ಲಿ ಒಂದು ಪಾಲು ನೇರವಾಗಿ ಕಲಾವಿದರಿಗೆ ತಲುಪಬೇಕೆಂಬ ಮಸೂದೆಯನ್ನು 2024ರ ಮಾರ್ಚ್‌ನಲ್ಲಿ ಸಂಸದೆ ರಶೀದಾ ತ್ಲೈಬ್ ಮಂಡಿಸಿದರು. ಆ ಸಂಸತ್ತಿನ ಅವಧಿಯಲ್ಲಿ ಅದು ಕಾನೂನಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, 1988ರಿಂದ 90ರವರೆಗೆ ಕ್ರೇಮರ್ ಅವರ ಸ್ಟುಡಿಯೊದಲ್ಲಿ ಮುದ್ರಿಸಿಕೊಂಡಿದ್ದ ತಂಡದ ಬಿಡಿ ಹಾಡುಗಳ ಸಂಕಲನ ಹೊರಬಂತು. ಗ್ರಾಮಫೋನ್ ತಟ್ಟೆಯ ರೂಪದಲ್ಲೂ.