ಚಲಿಸುವವನ ಕಣ್ಣೂ ಕದಲದ ಅಪಾಯವೂ

ನಿಂತವನಿಗೆ ಓಡುವುದು ಕಾಣಿಸುವುದರಲ್ಲಿ ಸೋಜಿಗವೇನೂ ಇಲ್ಲ. ತಾನೇ ಓಡುತ್ತಿರುವವನಿಗೆ ಮತ್ತೊಂದು ವಸ್ತುವಿನ ಓಟವು ತಿಳಿಯುವುದಾದರೂ ಹೇಗೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ. ಬಸ್ಸಿನ ಕಿಟಕಿಯ ಬಳಿ ಕುಳಿತ ಪ್ರಯಾಣಿಕನನ್ನೇ ತೆಗೆದುಕೊಳ್ಳಿರಿ. ಸಾಲುಮರಗಳು, ಮೈಲಿಗಲ್ಲುಗಳು, ತಂತಿಕಂಬಗಳು, ಹೊಲದ ಬದುಗಳು ಎಲ್ಲವೂ ಆತನ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಹಿಂದಕ್ಕೆ ಹರಿಯುತ್ತಿರುತ್ತವೆ. ಅದೇ ದಿಕ್ಕಿಗೆ ಸೈಕಲ್ ತುಳಿಯುತ್ತಿರುವ ಹುಡುಗನೊಬ್ಬನ ಬಿಂಬವೂ, ಬಸ್ಸು ಆತನನ್ನು ದಾಟುವಾಗ, ಹಿಂದಕ್ಕೇ ಹರಿಯುತ್ತದೆ. ಪರದೆಯ ಲೆಕ್ಕದಲ್ಲಿ ಕಲ್ಲಿಗೂ ಹುಡುಗನಿಗೂ ಇರುವ ಭೇದವು ವೇಗದ್ದು ಮಾತ್ರ. ಆದಾಗ್ಯೂ ಕಲ್ಲು ನಿಂತಿದೆ, ಹುಡುಗನು ಮುಂದಕ್ಕೆ ಹೋಗುತ್ತಿದ್ದಾನೆ ಎಂಬುದರಲ್ಲಿ ಪ್ರಯಾಣಿಕನಿಗೆ ಎಳ್ಳಷ್ಟೂ ಸಂಶಯ ಹುಟ್ಟುವುದಿಲ್ಲ.

ದೋಣಿಯಲ್ಲಿ ಸಾಗುವವನಿಗೆ ದಡದ ಸ್ಥಿರ ವಸ್ತುಗಳು ಹಿಂದಕ್ಕೆ ಸರಿಯುವಂತೆ ತೋರುವ ಅನುಭವವನ್ನು ಆರ್ಯಭಟನು ಕ್ರಿ. ಶ. 499ರ ಆರ್ಯಭಟೀಯದಲ್ಲಿ ನಕ್ಷತ್ರಗಳ ಪಶ್ಚಿಮಗತಿಗೆ ದೃಷ್ಟಾಂತವಾಗಿ ಬಳಸಿಕೊಂಡಿದ್ದಾನೆ. ಆದರೆ ಆತನ ಲಕ್ಷ್ಯವಿದ್ದುದು ಆಕಾಶದ ಕಡೆಗೆ. ದೋಣಿಯವನ ಮಿದುಳು ದಡವನ್ನು ದಡವೆಂದೂ, ದಡದ ಮೇಲೆ ನಡೆಯುವ ದನವನ್ನು ದನವೆಂದೂ ವಿಂಗಡಿಸುವ ಬಗೆಯ ಶೋಧನೆ ನಡೆದುದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ.

ವಾಚಕರು ಕುಳಿತಲ್ಲಿಯೇ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಒಂದು ಕಣ್ಣನ್ನು ಮುಚ್ಚಿಕೊಂಡು, ತೆರೆದ ಕಣ್ಣಿನ ಹೊರಮೂಲೆಯನ್ನು ರೆಪ್ಪೆಯ ಮೇಲಿನಿಂದ ಬೆರಳಿನಲ್ಲಿ ಬಲು ಮೆಲ್ಲನೆ ಒತ್ತಿದರೆ ಎದುರಿನ ಗೋಡೆಯೇ ಅಲುಗಿದಂತೆ ತೋರುತ್ತದೆ. ಅದೇ ಕಣ್ಣನ್ನು ತಾವಾಗಿ ಅತ್ತಿತ್ತ ಹೊರಳಿಸಿದರೆ ಗೋಡೆ ಕದಲುವುದಿಲ್ಲ. ಎರಡು ಸಂದರ್ಭಗಳಲ್ಲಿಯೂ ಪರದೆಯ ಮೇಲೆ ಬಿಂಬವು ಜರುಗಿದ್ದು ನಿಜ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಹಾಶಯನು 1856ರಿಂದ 1867ರವರೆಗೆ ಭಾಗಭಾಗವಾಗಿ ಪ್ರಕಟಿಸಿದ ದೃಷ್ಟಿಶಾಸ್ತ್ರದ ಗ್ರಂಥದಲ್ಲಿ ಇದನ್ನು ಚರ್ಚಿಸಿ, ಕಣ್ಣನ್ನು ಹೊರಳಿಸಲು ನಾವು ಮಾಡುವ ಇಚ್ಛಾಪ್ರಯತ್ನವನ್ನೇ ಮನಸ್ಸು ಲೆಕ್ಕಕ್ಕೆ ಹಿಡಿಯುತ್ತದೆಂದು ಹೇಳಿದನು. 1950ರಲ್ಲಿ ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಸ್ಟೆಟ್ ಎಂಬವರು ನೊಣದ ಮೇಲೂ, ಅಮೆರಿಕದ ರೋಜರ್ ಸ್ಪೆರಿಯವರು ಮೀನಿನ ಮೇಲೂ ಪ್ರಯೋಗ ನಡೆಸಿ ಈ ವಿಚಾರಕ್ಕೆ ಖಚಿತವಾದ ರೂಪ ಕೊಟ್ಟರು. ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಕಣ್ಣಿನ ಸ್ನಾಯುಗಳಿಗೆ ಹುಕುಂ ಹೊರಡುವಾಗಲೇ ಅದರ ನಕಲು ಪ್ರತಿಯೊಂದು ದೃಷ್ಟಿಯ ಇಲಾಖೆಗೂ ರವಾನೆಯಾಗುತ್ತದೆ. ಬೆರಳು ಒತ್ತಿದಾಗ ಅಂಥ ನಕಲು ಇಲಾಖೆಗೆ ತಲಪಿರುವುದಿಲ್ಲ. ಆದುದರಿಂದ ಅದು ದೋಷವನ್ನು ಗೋಡೆಯ ಮೇಲೆ ಹೊರಿಸುತ್ತದೆ.

ಇಷ್ಟರಿಂದ ಬಸ್ಸಿನ ಪ್ರಯಾಣಿಕನ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯದು. ಬಸ್ಸನ್ನು ಓಡಿಸುವ ಹುಕುಂ ಆತನ ಮಿದುಳಿನಿಂದ ಹೊರಟದ್ದಲ್ಲವಷ್ಟೆ. ಇಲ್ಲಿ ನೆರವಿಗೆ ಬರುವುದು ದೃಶ್ಯವೇ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ವಿಮಾನ ಚಾಲಕರ ದೃಷ್ಟಿಯನ್ನು ಅಭ್ಯಸಿಸಿದ ಜೇಮ್ಸ್ ಗಿಬ್ಸನ್ ಎಂಬ ಮನಶ್ಶಾಸ್ತ್ರಜ್ಞರು 1950ರ ತಮ್ಮ ಗ್ರಂಥದಲ್ಲಿ ಇದನ್ನು ವಿಶದಪಡಿಸಿದರು. ನಾವು ನೇರವಾಗಿ ಮುಂದೆ ಸಾಗುವಾಗ, ಯಾವ ಬಿಂದುವಿನ ಕಡೆಗೆ ಹೋಗುತ್ತಿರುವೆವೋ ಅದೊಂದು ಕದಲದೆ ನಿಲ್ಲುತ್ತದೆ. ಉಳಿದ ಜಗತ್ತೆಲ್ಲವೂ ಆ ಬಿಂದುವಿನಿಂದ ಸುತ್ತಲೂ ಹೊರಕ್ಕೆ ಹರಡುತ್ತದೆ. ಹತ್ತಿರದ್ದು ವೇಗವಾಗಿ, ದೂರದ್ದು ನಿಧಾನವಾಗಿ. ಈ ಪ್ರವಾಹಕ್ಕೆ ಒಂದು ನಿಯಮವಿದೆ. ಆ ನಿಯಮವನ್ನು ಮೀರಿ ನಡೆಯುವ ವಸ್ತುವಿಗೆ ತನ್ನದೇ ಆದ ಚಲನೆಯಿದೆ ಎಂದು ಮಿದುಳು ನಿರ್ಣಯಿಸಬಹುದಾಗಿದೆ.

ಅದು ಹಾಗೆ ನಿರ್ಣಯಿಸುತ್ತದೆಂಬುದನ್ನು ಕಾರ್ಡಿಫ್ ವಿಶ್ವವಿದ್ಯಾಲಯದ ಸೈಮನ್ ರಷ್ಟನ್ ಮತ್ತು ಪಾಲ್ ವಾರೆನ್ 2005ರಿಂದೀಚೆಗೆ ಪ್ರಯೋಗಗಳಿಂದ ತೋರಿಸಿದರು. ಅಲುಗಾಡದೆ ಕುಳಿತವನೊಬ್ಬನಿಗೆ, ತಾನು ಮುಂದೆ ಸಾಗುತ್ತಿರುವಾಗ ಕಾಣುವಂಥ ಹೊರಹರಿವಿನ ಚುಕ್ಕೆಗಳನ್ನು ಪರದೆಯ ಮೇಲೆ ತೋರಿಸುವುದು. ಅವುಗಳ ಒಂದು ಪಕ್ಕದಲ್ಲಿ ಮತ್ತೊಂದು ಚುಕ್ಕೆಯನ್ನು ನೆಟ್ಟಗೆ ಮೇಲಕ್ಕೆ ಚಲಿಸುವುದು. ನೋಡುವವನಿಗೆ ಅದು ನೆಟ್ಟಗೆ ಹೋದಂತೆ ಕಾಣುವುದಿಲ್ಲ. ಮಧ್ಯಭಾಗದ ಕಡೆಗೆ ಓರೆಯಾಗಿ ಸಾಗಿದಂತೆ ಕಾಣುತ್ತದೆ. ಮಿದುಳು ತನ್ನ ಚಲನೆಯ ಪಾಲೆಂದು ಭಾವಿಸಿದ ಹೊರಹರಿವನ್ನು ಆ ಚುಕ್ಕೆಯ ಲೆಕ್ಕದಿಂದಲೂ ಕಳೆದುಬಿಟ್ಟಿರುತ್ತದೆ. ಇಲ್ಲದ ಪ್ರಯಾಣಕ್ಕೂ ವಜಾ ಮಾಡುವ ಈ ಗುಮಾಸ್ತನ ನಿಷ್ಠೆಯನ್ನು ಮೆಚ್ಚಬೇಕೋ ನಗಬೇಕೋ ತಿಳಿಯದು.

ಒಳಗಿವಿಯೂ ಸಾಕ್ಷ್ಯ ನುಡಿಯುತ್ತದೆ. ಅಲ್ಲಿನ ಅರ್ಧಚಂದ್ರಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಸೂಕ್ಷ್ಮವಾದ ಹರಳುಗಳುಳ್ಳ ಅಂಗಗಳು ವೇಗದ ಏರಿಳಿತವನ್ನೂ ಗ್ರಹಿಸುತ್ತವೆ. ಏಕರೀತಿಯ ವೇಗವನ್ನು ಮಾತ್ರ ಗ್ರಹಿಸಲಾರವು. ನಿಲ್ದಾಣದಲ್ಲಿ ಪಕ್ಕದ ಗಾಡಿ ಹೊರಟಾಗ ನಮ್ಮ ಗಾಡಿಯೇ ಹೊರಟಿತೆಂದು ಭ್ರಮಿಸುವುದು ಇದರಿಂದಲೇ: ಮೆಲ್ಲಗೆ ಹೊರಟ ಗಾಡಿಯ ವಿಷಯದಲ್ಲಿ ಕಿವಿಯ ಮೌನವು ಕಣ್ಣಿನ ಮಾತನ್ನು ಅಲ್ಲಗಳೆಯಲಾರದು. ಮಕಾಕ್ ಜಾತಿಯ ಕೋತಿಗಳ ಮಿದುಳಿನಲ್ಲಿ ಕಣ್ಣಿನ ಪ್ರವಾಹವನ್ನೂ ಕಿವಿಯ ಸುದ್ದಿಯನ್ನೂ ಒಟ್ಟಿಗೆ ಸ್ವೀಕರಿಸುವ ಕೋಶಗಳಿವೆ. ಅಮೆರಿಕದ ಗ್ರೆಗ್ ಡಿಏಂಜೆಲಿಸ್ ಮತ್ತು ಡೋರಾ ಏಂಜೆಲಾಕಿಯವರ ಬಳಗವು 2008ರಲ್ಲಿ ವರದಿಮಾಡಿದಂತೆ, ಅವುಗಳಲ್ಲಿ ಕೆಲವು ಎರಡೂ ಸಾಕ್ಷ್ಯಗಳು ಹೊಂದಿದಾಗ ಚುರುಕಾಗುತ್ತವೆ. ಮತ್ತೆ ಕೆಲವು, ಎರಡೂ ವಿರುದ್ಧವಾದಾಗ. ಈ ಎರಡನೆಯ ವರ್ಗವೇ ಸ್ವಂತ ಚಲನೆಯಿಂದ ಪರವಸ್ತುವಿನ ಚಲನೆಯನ್ನು ಬೇರ್ಪಡಿಸಲು ನೆರವಾಗುತ್ತದೆಂಬುದು ಅವರ ವಾದ. ಚಲನೆಯನ್ನರಿಯುವ ಭಾಗವು ಕೆಟ್ಟರೆ ಆಗುವ ಪಾಡನ್ನು 1983ರಲ್ಲಿ ಜರ್ಮನಿಯ ವೈದ್ಯರು ಪ್ರಕಟಿಸಿದ ಒಬ್ಬ ಮಹಿಳೆಯ ವೃತ್ತಾಂತದಿಂದ ತಿಳಿಯಬಹುದು. ಆಕೆಗೆ ಬಟ್ಟಲಿಗೆ ಸುರಿಯುವ ಚಹವು ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ದೂರದಲ್ಲಿದ್ದ ಮೋಟಾರು ಮರುಗಳಿಗೆಯಲ್ಲಿ ಪಕ್ಕದಲ್ಲಿರುತ್ತಿತ್ತು. ನಡುವಿನ ಓಟವೇ ಇಲ್ಲ.

ಆರೋಗ್ಯವಂತನ ಮಿದುಳೂ ಎಡವುವ ಒಂದು ಸ್ಥಳವಿದೆ. ಅದೇ ಈ ವಿಷಯದಲ್ಲಿ ನಮ್ಮೆಲ್ಲರಿಗೂ ಪ್ರಾಣಸಂಬಂಧವಾದುದು. ಎರಡು ವಾಹನಗಳು ನೇರವಾದ ಎರಡು ದಾರಿಗಳಲ್ಲಿ, ಬದಲಾಗದ ವೇಗದಿಂದ, ಒಂದೇ ಕೂಡುಸ್ಥಳದ ಕಡೆಗೆ ಒಂದೇ ಕ್ಷಣಕ್ಕೆ ಮುಟ್ಟುವಂತೆ ಬರುತ್ತಿದ್ದರೆ, ಒಬ್ಬನ ಕಣ್ಣಿಗೆ ಇನ್ನೊಂದು ವಾಹನವು ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಕಿಟಕಿಯ ಗಾಜಿನ ಮೇಲೆ ಅಂಟಿಸಿದ ಬೊಟ್ಟಿನಂತೆ ಒಂದೇ ಕಡೆ ನಿಂತಿರುತ್ತದೆ. ನಾವಿಕರು ಇದನ್ನು ಬಹುಕಾಲದಿಂದ ಬಲ್ಲರು: ದಿಕ್ಕು ಬದಲಾಗದೆ ಸಮೀಪಿಸುವ ಹಡಗೇ ಡಿಕ್ಕಿಯ ಹಡಗು. ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿ ಆಸ್ಟ್ರೇಲಿಯದಲ್ಲಿ ಕೀಟಗಳ ದೃಷ್ಟಿಯನ್ನು ಶೋಧಿಸಿದ ಮಂಡ್ಯಂ ಶ್ರೀನಿವಾಸನ್ ಅವರೂ ಅವರ ಸಹೋದ್ಯೋಗಿಗಳೂ 2003ರಲ್ಲಿ ಪ್ರಕಟಿಸಿದಂತೆ, ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವು ಈ ದೌರ್ಬಲ್ಯವನ್ನು ಆಯುಧವನ್ನಾಗಿ ಮಾಡಿಕೊಂಡಿದೆ. ಹಾರುತ್ತಿರುವ ಎದುರಾಳಿಯ ಕಣ್ಣಿಗೆ ತಾನೊಂದು ಸ್ಥಿರವಸ್ತುವೆಂದು ತೋರುವಂತೆ ಅದು ತನ್ನ ದಾರಿಯನ್ನು ಹೊಂದಿಸಿಕೊಳ್ಳುತ್ತದೆ.

ಉಳಿಯುವ ಸೂಚನೆ ಒಂದೇ: ಬಿಂಬವು ದೊಡ್ಡದಾಗುವುದು. ಅದೂ ತಡವಾಗಿ. ಎದುರಿನಿಂದ ಬರುವ ಸ್ಕೂಟರು 80 ಮೀಟರ್ ದೂರದಲ್ಲಿರುವಾಗ ಅದರ ಅಗಲವು ಪೂರ್ಣಚಂದ್ರನಷ್ಟೇ. ಇಬ್ಬರ ನಡುವಣ ಅಂತರವು ಸೆಕೆಂಡಿಗೆ 20 ಮೀಟರಿನಂತೆ ಕುಗ್ಗುತ್ತಿದ್ದರೆ ಉಳಿದಿರುವುದು 4 ಸೆಕೆಂಡು. ಅದರಲ್ಲಿ ಅರ್ಧ ಕಳೆದಾಗಲೂ ಬಿಂಬವು ಎರಡು ಚಂದ್ರರ ಅಗಲವನ್ನು ಮೀರಿರುವುದಿಲ್ಲ. ಕಡೆಯ ಅರ್ಧ ಸೆಕೆಂಡಿನಲ್ಲಿ ಅದು ಒಮ್ಮೆಲೆ ಮೇಲೆರಗುತ್ತದೆ. ಅಪಘಾತವಾದ ಮೇಲೆ ಚಾಲಕನು "ಎಲ್ಲಿಂದಲೋ ಬಂದುಬಿಟ್ಟ" ಎಂದು ಹೇಳಿದಾಗ ನಾವು ಅದನ್ನು ನೆಪವೆಂದು ತಳ್ಳಿಹಾಕುತ್ತೇವೆ. ಹಲವು ಸಲ ಅದು ನೆಪವೇ ಇರಬಹುದು, ಯಾವಾಗಲೂ ಅಲ್ಲ. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಸೀಮೆಯ ಇಪ್ಲಿ ಕ್ರಾಸ್ ಎಂಬ ಕೂಡುರಸ್ತೆಯ ಸುತ್ತಲೂ ಬಟ್ಟಬಯಲು. ಅಲ್ಲಿಯೇ 2010ರ ದಶಕದಲ್ಲಿ ಸೈಕಲ್ ಸವಾರರು ಕಾರಿಗೆ ಸಿಕ್ಕಿ ಸತ್ತರು. ಕಾರಿನ ಮುಂಗಾಜಿನ ಪಕ್ಕದ ಕಂಬವು ಸವಾರನನ್ನು ಮರೆಮಾಡಿದರೆ, ದಿಕ್ಕು ಬದಲಾಗದ ಕಾರಣ, ಕೂಡುಸ್ಥಳದವರೆಗೂ ಮರೆಮಾಡಿಯೇ ಇರಬಲ್ಲದೆಂಬುದನ್ನು ಅಲ್ಲಿನವರು ರಸ್ತೆಯ ಕೋನವನ್ನು ಲೆಕ್ಕಹಾಕಿ ತೋರಿಸಿದರು.

ರೈಲಿನ ವಿಷಯದಲ್ಲಿ ಇನ್ನೂ ಒಂದು ಮೋಸವಿದೆ. ದೊಡ್ಡ ವಸ್ತುವು ಅದೇ ವೇಗದ ಚಿಕ್ಕ ವಸ್ತುವಿಗಿಂತ ನಿಧಾನವಾಗಿ ಬರುವಂತೆ ತೋರುತ್ತದೆಂದು ಅಮೆರಿಕದ ಹರ್ಷೆಲ್ ಲೈಬೊವಿಟ್ಸ್ 1985ರಲ್ಲಿ ರೈಲ್ವೆ ಗೇಟುಗಳ ಅಪಘಾತಗಳನ್ನು ಕುರಿತು ಬರೆದರು. ನಮ್ಮಲ್ಲಿ ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ವೇಳೆಗೆ ತೆಗೆದುಹಾಕಿದುದು ಈ ಕಾರಣದಿಂದ ಸರ್ವಥಾ ಯುಕ್ತವಾದ ಕೆಲಸ. ಕಣ್ಣು ಕೊಡಲಾರದ ತೀರ್ಪನ್ನು ಅದರಿಂದ ಕೇಳದಿರುವುದೇ ನ್ಯಾಯ. ಹಳ್ಳಿಯ ದಾರಿಯು ಹೆದ್ದಾರಿಯನ್ನು ಕೂಡುವ ಸಾವಿರಾರು ಕೂಡುರಸ್ತೆಗಳಲ್ಲಿ ಮಾತ್ರ ಆ ತೀರ್ಪನ್ನು ಇಂದಿಗೂ ಕಣ್ಣಿನಿಂದಲೇ ಕೇಳುತ್ತಿದ್ದೇವೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇಕಡ 44ಕ್ಕೂ ಹೆಚ್ಚು ಜನ ದ್ವಿಚಕ್ರವಾಹನದವರು. ಇವೆಲ್ಲಕ್ಕೂ ಈ ಭ್ರಮೆಯೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಕೂಡುರಸ್ತೆಯ ನಕ್ಷೆಗೆ ರುಜು ಹಾಕುವ ಅಧಿಕಾರಿಯು ಪೊದೆಗಳನ್ನು ಕಡಿಸಿ ನೋಟವನ್ನು ತೆರವು ಮಾಡಿಸಿದ ಮಾತ್ರಕ್ಕೆ ಸವಾರನು ಕಾಣಿಸಿಬಿಡುತ್ತಾನೆಂದು ಭಾವಿಸಬಾರದು. ದಾರಿಯಲ್ಲೊಂದು ಉಬ್ಬು ಅಥವಾ ಸಣ್ಣ ತಿರುವು ಇದ್ದರೆ ವಾಹನದ ವೇಗವೂ ದಿಕ್ಕೂ ಬದಲಾಗುತ್ತವೆ. ಚಾಲಕನು ಕುಳಿತಲ್ಲಿಯೇ ಒಮ್ಮೆ ಮುಂದಕ್ಕೆ ಬಾಗಿ ನೋಡಿದರೂ ಕಂಬದ ಮರೆ ಸರಿಯುತ್ತದೆ. ಆಗ ಗಾಜಿನ ಮೇಲೆ ಅಂಟಿದ್ದ ಬೊಟ್ಟು ಜಾರುತ್ತದೆ. ಜಾರಿದ ಕೂಡಲೇ ಮಿದುಳು ಅದನ್ನು ಕಂಡುಹಿಡಿಯುತ್ತದೆ.