ಕ್ವಿಬಲ್: ಒಂದು ಪದದ ಹುಟ್ಟು

'ಅಣ್ಣನು ತಮ್ಮನಿಗೆ ತನ್ನ ಬಾಣೆಗೆ ಬೇಲಿ ಹಾಕಿಸುವಂತೆ ಹೇಳಿದನು.' ಈ ವಾಕ್ಯದಲ್ಲಿ 'ತನ್ನ' ಎಂದರೆ ಯಾರದು? ಅಣ್ಣನದೋ, ತಮ್ಮನದೋ? ಕೊಡಗಿನಲ್ಲಿ ಗದ್ದೆಗೆ ಸೇರಿದಂತೆ ಸೌದೆ, ಸೊಪ್ಪು, ಮೇವುಗಳಿಗಾಗಿ ಬಿಟ್ಟ ನೆಲಕ್ಕೆ ಬಾಣೆ ಎಂದು ಹೆಸರು. ಹುದಿಕೇರಿಯಂತಹ ಊರಿನಲ್ಲಿ ಇಂತಹ ವಾಕ್ಯವೊಂದು ಕಾಗದಪತ್ರದಲ್ಲಿ ಸೇರಿದರೆ, ಒಂದು ಸರ್ವನಾಮವೇ ವ್ಯಾಜ್ಯಕ್ಕೆ ಬೀಜವಾಗಬಹುದು.

ಮುಖ್ಯ ವಿಷಯವನ್ನು ಬಿಟ್ಟು, ಪದದ ಎರಡರ್ಥವನ್ನೋ ಅಲ್ಪ ಸಂಗತಿಯನ್ನೋ ಹಿಡಿದು ವಾದಿಸುವುದಕ್ಕೆ ಇಂಗ್ಲಿಷಿನಲ್ಲಿ 'ಕ್ವಿಬಲ್' ಎನ್ನುತ್ತಾರೆ. 17ನೆಯ ಶತಮಾನದ ಆದಿಯಲ್ಲಿ ಬಳಕೆಗೆ ಬಂದಾಗ ಅದಕ್ಕೆ ಶ್ಲೇಷೆ ಎಂಬ ಅರ್ಥವೂ ಇದ್ದಿತು. ಅದರ ಮೂಲವೂ ಒಂದು ಸರ್ವನಾಮವೇ ಇರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಲ್ಯಾಟಿನ್ನಿನ 'ಕ್ವಿಬಸ್' ಎಂದರೆ 'ಯಾರಿಗೆ', 'ಯಾವುವುಗಳಿಂದ'. ಹಳೆಯ ನ್ಯಾಯಪತ್ರಗಳಲ್ಲಿ ಈ ಪದವು ಹೆಜ್ಜೆಹೆಜ್ಜೆಗೂ ಬರುತ್ತಿದ್ದುದರಿಂದ, ಜನರ ಮನಸ್ಸಿನಲ್ಲಿ ಅದು ವಕೀಲರ ನುಣುಚುಮಾತಿನ ಗುರುತಾಯಿತು.

ನಮ್ಮ ಪ್ರಾಚೀನರೂ ಈ ದೋಷವನ್ನು ಬಲ್ಲವರು. ಗೌತಮನ ನ್ಯಾಯಸೂತ್ರದಲ್ಲಿ ಇದಕ್ಕೆ 'ಛಲ' ಎಂಬ ಹೆಸರಿದ್ದು, ಅದರಲ್ಲಿ 3 ಬಗೆಗಳನ್ನು ಹೇಳಿದೆ. ವಾತ್ಸ್ಯಾಯನನು ತನ್ನ ಭಾಷ್ಯದಲ್ಲಿ ಕೊಡುವ ಉದಾಹರಣೆ ಸ್ವಾರಸ್ಯವಾದುದು. ಹುಡುಗನೊಬ್ಬನನ್ನು 'ನವಕಂಬಲ'ನೆಂದರೆ, ಹೊಸ ಕಂಬಳಿಯುಳ್ಳವನೆಂದು ಭಾವ. 'ಅವನಲ್ಲಿರುವುದು ಒಂದೇ ಕಂಬಳಿ, 9 ಎಲ್ಲಿವೆ?' ಎಂದು ಎದುರಾಳಿ ಕೇಳುತ್ತಾನೆ. ಏಕೆಂದರೆ 'ನವ' ಎಂದರೆ 9 ಎಂದೂ ಅರ್ಥವುಂಟು. ಕನ್ನಡದಲ್ಲಿ ಛಲವೆಂಬುದು ದೃಢವಾದ ಹಟ ಎಂಬ ಅರ್ಥವನ್ನು ತಾಳಿ, ಗೌರವದ ಪದವೇ ಆಗಿದೆ.

ನಾವು ನಿತ್ಯವೂ ಆಡುವ 'ತಕರಾರು' ಅರಬ್ಬಿಯ 'ತಕ್ರಾರ್' ಎಂಬುದರಿಂದ ಬಂದುದು, ಮೂಲಾರ್ಥ ಪುನರುಕ್ತಿ. ಹೇಳಿದ್ದನ್ನೇ ಹೇಳುತ್ತಿದ್ದರೆ ಜಗಳವಾಗುವುದು ಸಹಜವಷ್ಟೆ! ಆದರೆ ಕಚೇರಿಗಳಲ್ಲಿ 'ತಕರಾರು ಅರ್ಜಿ' ಎಂದರೆ ಕ್ರಮಬದ್ಧವಾದ ಆಕ್ಷೇಪಣೆ.

ಹಾಗಾದರೆ ಆಕ್ಷೇಪಣೆಗೂ ಕ್ವಿಬಲ್‌ಗೂ ಭೇದವೇನು? ಹಿಂದೆ ಕೊಡಗಿನ ಊರುಗಳಲ್ಲಿ ತಕ್ಕರೆಂಬ ಮುಖಂಡರು ವ್ಯಾಜ್ಯಗಳನ್ನು ಕೇಳಿ ತೀರಿಸುತ್ತಿದ್ದರು. ನಮ್ಮ ಮೊದಲ ವಾಕ್ಯವು ಅವರ ಮುಂದೆ ಬಂದಿತೆಂದು ಭಾವಿಸೋಣ. ಬಾಣೆ ಯಾರದೆಂಬುದು ನಿಜವಾಗಿಯೂ ತಿಳಿಯದೆ ತಮ್ಮನು 'ತನ್ನ' ಎಂದರೆ ಯಾರದೆಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಅಣ್ಣನ ಅಭಿಪ್ರಾಯವನ್ನು ತಿಳಿದಿದ್ದೂ, ಖರ್ಚಿನಿಂದ ತಪ್ಪಿಸಿಕೊಳ್ಳಲು ಅದನ್ನೇ ಕೇಳಿದರೆ ಅದು ಕ್ವಿಬಲ್. ಆದುದರಿಂದ ಪದವೊಂದನ್ನು ಹಿಡಿದು ಪ್ರಶ್ನಿಸಿದವರನ್ನೆಲ್ಲ ಕುತರ್ಕಿಗಳೆಂದು ಹಳಿಯಲಾಗದು. ಪದದ ಅರ್ಥವನ್ನು ನಿಷ್ಕರ್ಷಿಸದೆ ನ್ಯಾಯವೂ ನಡೆಯದು, ವಿಜ್ಞಾನವೂ ನಡೆಯದು.