ಉಗ್ರಾಣದ ಬಾಗಿಲಲ್ಲಿ ಒಂದು ಪ್ರಶ್ನೆ

ಆಂಡ್ರಾಯ್ಡ್ ಫೋನು ಇಲ್ಲದ ಮನೆ ಇಂದು ಅಪರೂಪ. ಅದರ ಒಡಲಲ್ಲಿ ದುಡಿಯತಕ್ಕದ್ದು ಲಿನಕ್ಸ್ ಎಂಬ ಕರ್ನೆಲ್. ಫಿನ್‌ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇದನ್ನು ಆರಂಭಿಸಿದುದು 1991ರಲ್ಲಿ. ಕರ್ನೆಲ್ ಎಂದರೆ ಯಂತ್ರದ ಒಳಗಣ ಆಡಳಿತಗಾರ; ಸ್ಮೃತಿ, ಕಡತ, ಬೀಗಮುದ್ರೆ ಎಲ್ಲವೂ ಅದರ ಕೈಯಲ್ಲಿಯೇ.

ಇದನ್ನು ದೇವಸ್ಥಾನದ ಉಗ್ರಾಣಕ್ಕೆ ಹೋಲಿಸಬಹುದು. ಭಕ್ತರು ಉಗ್ರಾಣದೊಳಕ್ಕೆ ಕಾಲಿಡುವಂತಿಲ್ಲ. ಕೊಡುವುದು, ಕೊಳ್ಳುವುದು ಎಲ್ಲ ಬಾಗಿಲಲ್ಲಿ, ಉಗ್ರಾಣಿಯ ಕೈಯಿಂದ. ನಾವು ಬಳಸುವ ಪ್ರೋಗ್ರಾಮುಗಳೂ ಹಾಗೆಯೇ ಹೊರಗೆ ನಿಲ್ಲುತ್ತವೆ. “ಈ ವಿಳಾಸದಲ್ಲಿ ಇಷ್ಟು ಬೈಟುಗಳನ್ನು ಇಡು” ಎಂದು ಅವು ಕೇಳಿದಾಗ ಕರ್ನೆಲ್ ಮಾಹಿತಿಯನ್ನು ನಕಲು ಮಾಡಿ ಕೊಡುತ್ತದೆ.

ಅಪಾಯವಿರುವುದು ಇಲ್ಲಿಯೇ. ಕೇಳಿದವನು ಕೊಟ್ಟ ವಿಳಾಸ ಅವನ ಪಾಲಿನದೋ, ಕರ್ನೆಲ್ಲಿನ ಪಾಲಿನದೋ? ನೋಡದೆ ಬರೆದರೆ ಉಗ್ರಾಣಿ ತನ್ನ ಲೆಕ್ಕದ ಪುಸ್ತಕವನ್ನು ತಾನೇ ಕೆಡಿಸಿಕೊಂಡಂತೆ. ಆದುದರಿಂದ ನಕಲಿಗೆ ಮೊದಲು ವಿಳಾಸದ ತಪಾಸಣೆ ಆಗಲೇಬೇಕು. ಎರಡನೆಯದು ಅಳತೆಯ ತಪಾಸಣೆ: ಸೇರಿನ ಪಾತ್ರೆಗೆ ಕೊಳಗದಷ್ಟು ಸುರಿಯಬಾರದು, ಸೇರಿನಿಂದ ಕೊಳಗದಷ್ಟು ತೆಗೆಯಲೂಬಾರದು. ಈ ಅಳತೆಯನ್ನು ಬಿಗಿಗೊಳಿಸಿದ ಏರ್ಪಾಡು 2016ರಲ್ಲಿ ಲಿನಕ್ಸಿನ 4.8ನೆಯ ಆವೃತ್ತಿಯಲ್ಲಿ ಸೇರಿತು.

ಆದರೂ ಮರುವರ್ಷವೇ ಒಂದು ಅನಾಹುತ ಬಾಗಿಲಿಗೆ ಬಂದಿತು. ‘ವೇಟ್‌ಐಡಿ’ ಎಂಬ ಸೇವೆಯೊಂದುಂಟು. ತಾನು ಹುಟ್ಟಿಸಿದ ಮರಿ ಪ್ರೋಗ್ರಾಮು ಹೇಗೆ ಮುಗಿಯಿತೆಂಬುದನ್ನು ತಾಯಿ ಪ್ರೋಗ್ರಾಮಿಗೆ ತಿಳಿಸುವುದು ಅದರ ಕೆಲಸ. ತಿಳಿಸಬೇಕಾದ ವಿವರಗಳು ಆರು. ಒಂದೊಂದಕ್ಕೂ ಬಾಗಿಲು ತೆರೆದು ಮುಚ್ಚಿದರೆ ಕಾಲಹರಣ. ಒಮ್ಮೆ ತೆರೆದು ಆರನ್ನೂ ಬರೆಯುವ ಕ್ರಮ 2017ರ ಸೆಪ್ಟೆಂಬರಿನ 4.13ನೆಯ ಆವೃತ್ತಿಯಲ್ಲಿ ಬಂದಿತು. ಬಾಗಿಲೇನೋ ತೆರೆಯಿತು, ವಿಳಾಸ ಯಾರದೆಂದು ಕೇಳುವ ಒಂದು ಸಾಲು ಮಾತ್ರ ಬಿಟ್ಟುಹೋಗಿತ್ತು! ಸಾಮಾನ್ಯ ಬಳಕೆದಾರನೊಬ್ಬ ಕರ್ನೆಲ್ಲಿನ ವಿಳಾಸವನ್ನೇ ಕೊಟ್ಟು, ಅಲ್ಲಿ ಬರೆಯಿಸಿ, ಇಡೀ ಯಂತ್ರದ ಯಜಮಾನಿಕೆಯನ್ನು ಕಸಿಯಲು ಹಾದಿಯಾಯಿತು. ಅಕ್ಟೋಬರಿನಲ್ಲಿ ಆ ಸಾಲನ್ನು ಸೇರಿಸಿ ಸರಿಪಡಿಸಿದರು.

ಆದರೆ ಮರೆವು ಮನುಷ್ಯಸಹಜ. ಇನ್ನೊಬ್ಬರು ಇನ್ನೊಂದೆಡೆ ಮರೆಯಲಾರರೇ? 2019ರ ಜನವರಿಯಲ್ಲಿ ಟೋರ್ವಾಲ್ಡ್ಸರು ಪದ್ಧತಿಯನ್ನೇ ಬದಲಿಸಿದರು. ಬಾಗಿಲು ತೆರೆಯುವ ಕ್ರಿಯೆಯೊಳಗೇ ತಪಾಸಣೆಯನ್ನು ಅಡಕಮಾಡಿದರು. ವಿಳಾಸ ಸರಿಯಿಲ್ಲದಿದ್ದರೆ ಬಾಗಿಲೇ ತೆರೆಯದು. 5.0ನೆಯ ಆವೃತ್ತಿಯಿಂದ ಇದು ಜಾರಿಗೆ ಬಂದಿತು.

ಎಚ್ಚರಿಕೆಯನ್ನು ಜನರ ನೆನಪಿಗೆ ಬಿಡದೆ ಬೀಗದಲ್ಲಿಯೇ ಇಟ್ಟುದು ಇದರ ಹೆಚ್ಚುಗಾರಿಕೆ. ಇಂಥ ತಿದ್ದುಪಡಿಗಳು ನಮ್ಮ ಕೈಸೇರುವುದು ‘ಅಪ್‌ಡೇಟ್’ ಎಂಬ ಹೆಸರಿನಲ್ಲಿ. ಫೋನು ಅದನ್ನು ಕೇಳಿದಾಗ ನಾಳೆ ಎನ್ನದೆ ಒಪ್ಪಿಕೊಳ್ಳುವುದು ಗೃಹಸ್ಥರಿಗೆ ಕ್ಷೇಮ.